ಮಣ್ಣಿನ ಮಾತು

ವಾರದ ದಿನಗಳಲ್ಲಿ ನಾನು ಯಾವುದಾದರೂ ಮಗುವಿನ ಕೈ ಹಿಡಿದು ಬೀದಿಗೆ ಇಳಿದರೆ ನಮ್ಮ ಊರಿನ ಜನ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಕೆಮ್ಮುತ್ತಿದ್ದ ಮುದುಕರು ಕೆಮ್ಮು ನುಂಗಿ ನೆಟ್ಟಗೆ ಕೂರುತ್ತಾರೆ. ಕಟ್ಟೆಯ ಮೇಲೆ ಮಲಗಿದ್ದ ಅತ್ತೆಯನ್ನು ಸೊಸೆ ಎಬ್ಬಿಸಿ, ಕೈಗೊಂದು ಮೊರ ಕೊಟ್ಟು, ಅಕ್ಕಿ ಆರಿಸುತ್ತಿರುವಂತೆ ಕೂರಿಸುತ್ತಾಳೆ. ಭಾನುವಾರ ಇದೇ ಜನ ನನಗೆ ಕೈಮುಗಿದು, ಮಕ್ಕಳ ಮೂಗು ಒರೆಸಿ, ನನ್ನ ಸುಪರ್ದಿಗೆ ಬಿಟ್ಟು ಹೋಗುತ್ತಾರೆ. ನಾನು ಸಂಡೇ ಸ್ಕೂಲಿನ ಅಕ್ಕಾರು. ಹೆಸರು ಜಯಶೀಲಾ. ಆ ಹೆಸರಿನಿಂದ ಕರೆಯುವವರು ಈಗ ಒಬ್ಬಿಬ್ಬರೇ ಉಳಿದಿದ್ದಾರೆ.

ನಮ್ಮ ಊರಿನಲ್ಲಿ ಒಂದು ವಚನ ಒಂದೇ ಬಾಯಲ್ಲಿ ನಿಲ್ಲುತ್ತದೆ. ಮಗು ಅದನ್ನು ಎಡವದೆ ಒಪ್ಪಿಸಿತೆಂದರೆ, ಅಲ್ಲಿಯವರೆಗೆ ಅದು ಯಾರ ಬಾಯಲ್ಲಿತ್ತೋ ಅವರಿಂದ ಹೋಯಿತು. ಪುಸ್ತಕದಲ್ಲಿ ಇದ್ದೇ ಇರುತ್ತದೆ, ಬೇಕಾದವರು ಓದಬಹುದು. ಆದರೆ ಕಣ್ಣು ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಜಾರಿರುತ್ತದೆ. ಮಗ್ಗಿಗೆ, ಸಿನಿಮಾ ಹಾಡಿಗೆ, ಬೈಗುಳಕ್ಕೆ ಈ ಕಾಟವಿಲ್ಲ, ದೇವರ ಮಾತಿಗೆ ಮಾತ್ರ. ದೊಡ್ಡವರಿಗೆ ಹೊಸದಾಗಿ ಏನೂ ಅಂಟುವುದಿಲ್ಲ. ವಚನವನ್ನು ಬಾಯಲ್ಲಿಟ್ಟುಕೊಂಡೇ ಒಬ್ಬರು ಸತ್ತರೆ ಅದು ಅವರ ಜೊತೆಗೇ ಹೋಗುತ್ತದೆ. ಮತ್ತೆ ಯಾವ ಮಗುವೂ ಅದನ್ನು ಕಲಿಯಲಾರದು. ಆದ್ದರಿಂದ ಸಾಯುವ ಮುಂಚೆ ಕೊಟ್ಟು ಹೋಗಬೇಕು, ಆದರೆ ತೀರ ಮುಂಚೆ ಕೊಟ್ಟುಬಿಟ್ಟರೆ ಉಳಿದ ದಿನ ಖಾಲಿ ಬಾಯಲ್ಲಿ ಕೂರಬೇಕು. ಯಾರಿಗೆ ಬೇಕು ಆ ಪಾಡು. ಹಾಗಾಗಿ ಡಾಕ್ಟರು ಕೈಬಿಟ್ಟ ಮೇಲೆಯೇ ನನಗೆ ಕರೆ ಬರುತ್ತದೆ, ನಾನು ಮಗುವನ್ನು ಕರೆದುಕೊಂಡು ಹೋಗುತ್ತೇನೆ.

ಇಂಥ ಊರಿನಲ್ಲಿ ಸಂಡೇ ಸ್ಕೂಲ್ ನಡೆಸುವುದೆಂದರೆ ಏನೆಂದು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಬೇರೆ ಕಡೆ ಮಕ್ಕಳು ಒಟ್ಟಿಗೆ ಕೂಗಿ ಹೇಳುತ್ತವಂತೆ. ನಮ್ಮಲ್ಲಿ ಒಂದು ಮಗು ಒಪ್ಪಿಸುವಾಗ ಉಳಿದವು ಕಿವಿಯಲ್ಲಿ ಬೆರಳಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂರಬೇಕು. ಕದ್ದು ಕೇಳಿಸಿಕೊಂಡರೆ ರಗಳೆ. ಒಮ್ಮೆ ಒಬ್ಬ ಹುಡುಗ ಅಡುಗೆಮನೆಯ ಕಿಟಕಿಯ ಕೆಳಗೆ ಗೋಲಿ ಆಡುತ್ತ ಕೂತವನು, ತನ್ನ ಅಜ್ಜಿಯ ಊಟದ ಪ್ರಾರ್ಥನೆಯನ್ನು ಅರಿವಿಲ್ಲದೆ ಕಲಿತು ಪೂರ್ತಿ ಹೇಳಿಬಿಟ್ಟ. ಆ ಅಜ್ಜಿ ಅನ್ನದ ಮುಂದೆ ಕೂತು, ಹೇಗೆ ಶುರುಮಾಡಬೇಕೆಂದು ತಿಳಿಯದೆ, ಸಾರು ಆರಿಹೋಗುವವರೆಗೂ ತಟ್ಟೆಯನ್ನೇ ನೋಡುತ್ತಿದ್ದಳು. ಕೊನೆಗೆ ದಿನಾ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಬಾಯಿಂದ ಹೇಳಿಸಿ ಉಣ್ಣುವುದನ್ನು ರೂಢಿ ಮಾಡಿಕೊಂಡಳು. ಅವನಿಗೂ ಅದರಿಂದ ಒಂದು ಹಪ್ಪಳ ಹೆಚ್ಚಿಗೆ ಸಿಗುತ್ತಿತ್ತು.

ಚರ್ಚಿನ, ನಮ್ಮವರ ಮಾತಿನಲ್ಲಿ ದೇವಾಲಯದ, ಹಿಂದಿನ ಹಾಲ್ ನಮ್ಮ ಶಾಲೆ. ಹರಿದ ಜಮಖಾನೆ, ಕಾಲು ಅಲುಗಾಡುವ ಹಾರ್ಮೋನಿಯಂ, ಬಟ್ಟೆ ಹೊದಿಸಿದ ಒಂದು ಹಲಗೆ. ಅದಕ್ಕೆ ಅಂಟಿಸುವ ಕಾಗದದ ಕುರಿಗಳಿಗೆ ಈಗ ಅಂಟಿಲ್ಲ, ಕಥೆಯ ನಡುವೆ ಒಂದೊಂದಾಗಿ ಉದುರುತ್ತವೆ. ನಾನು ಮೆತ್ತನೆಯ ಮನುಷ್ಯಳಲ್ಲ. ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟವರ ಕಿವಿ ಹಿಂಡುತ್ತೇನೆ, ಆಮೇಲೆ ಪೆಪ್ಪರಮಿಂಟ್ ಕೊಡುತ್ತೇನೆ. ಮಕ್ಕಳಿಗೆ ಎರಡೂ ಗೊತ್ತು.

ಕೃಪಿಯ ಪೂರ್ತಿ ಹೆಸರು ದೇವಕೃಪೆ. ಬೇಕರಿಯ ಒಲೆ ಉರಿಸುವ ಪೌಲಪ್ಪನ ಮಗಳು, ತಾಯಿ ಸಾರವ್ವ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಆದರೂ ಅವಳ ಬಾಯಲ್ಲಿ ಮಾತು ಎಡವುತ್ತಿರಲಿಲ್ಲ. ಒಂದು ಸಲ ಹೇಳಿಕೊಟ್ಟರೆ ಸಾಕು. ಬೇರೆ ಮಕ್ಕಳನ್ನು ಮಂಚದ ಪಕ್ಕದಲ್ಲಿ ನಿಲ್ಲಿಸಿದರೆ ಸಾಯುವವರಿಗೇ ಬೇಸರ ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಗಡಿಯಾರ ರಿಪೇರಿಯವರ ಮಗಳು ಲೀದಿಯಾ ಜಡೆಯ ತುದಿ ಬಾಯಲ್ಲಿಟ್ಟುಕೊಂಡು, 'ಮತ್ತೊಮ್ಮೆ ಹೇಳ್ರಿ' ಎಂದರೆ, ಉಸಿರಿಗೆ ಒದ್ದಾಡುತ್ತಿರುವ ಮನುಷ್ಯ ಎಷ್ಟು ಸಲ ಹೇಳಬೇಕು. ಆದ್ದರಿಂದ ನಾನು ಕೃಪಿಯನ್ನೇ ಕರೆದುಕೊಂಡು ಹೋಗುತ್ತಿದ್ದೆ. ಹೆರಿಗೆಯಲ್ಲಿ ಹೇಳುವ ವಚನ, ಹೊಸ ಮನೆಗೆ ಕಾಲಿಡುವಾಗಿನದು, ದೂರ ಹೋಗುವವರನ್ನು ಕಳಿಸುವಾಗಿನದು, ಜ್ವರ ಇಳಿಯದ ಮಗುವಿನ ಹಣೆ ಮುಟ್ಟಿ ಹೇಳುವುದು, ಒಂದೊಂದಾಗಿ ಎಲ್ಲವೂ ಅವಳ ಬಾಯಿಗೆ ಸೇರಿದವು. ಊರಿನವರಿಗೂ ಅನುಕೂಲವಾಯಿತು. ಏನೇ ಬೇಕಾದರೂ ಒಂದೇ ಮನೆಯ ಬಾಗಿಲು ತಟ್ಟಿದರೆ ಆಯಿತು.

ಮಣ್ಣಿನ ಮಾತು ಅವಳಿಗೆ ಬಂದದ್ದು ಅವಳ ಅಜ್ಜನಿಂದ. ಇಸಾಕಪ್ಪ ದೇವಾಲಯದ ಗಂಟೆ ಹೊಡೆಯುತ್ತಿದ್ದವರು. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ ಮೇಲೆ, ಮೊದಲ ಹಿಡಿ ಮಣ್ಣು ಹಾಕುವ ಮುಂಚೆ ಹೇಳುವ ನಾಲ್ಕು ಸಾಲು ಅವರ ಬಾಯಲ್ಲಿತ್ತು. ಆ ಸಾಲುಗಳಲ್ಲಿ ಏನಿದೆ ಎಂದು ನನ್ನನ್ನು ಕೇಳಬೇಡಿ. ಎಷ್ಟೋ ಗುಂಡಿಗಳ ಪಕ್ಕದಲ್ಲಿ ನಿಂತು ಕೇಳಿದ್ದೇನೆ, ಪ್ರತಿ ಸಲ ಎದೆ ಹಗುರಾಗುತ್ತಿತ್ತು ಎಂಬುದಷ್ಟೇ ಗೊತ್ತು. ಹಿಂದೆ ಒಬ್ಬ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಇದೆಲ್ಲ ಮೂಢನಂಬಿಕೆ ಎಂದು ಪುಸ್ತಕ ನೋಡಿ ಓದಿಯೇ ಒಬ್ಬರನ್ನು ಹೂಳಿದರು. ಆ ಮನೆಯವರು ಆಮೇಲೂ ಸತ್ತವರಿಗೆ ತಟ್ಟೆ ಹಾಕುತ್ತಿದ್ದರು, ಬಾಗಿಲಿಗೆ ಅಗಳಿ ಹಾಕದೆ ಮಲಗುತ್ತಿದ್ದರು. ಕೊನೆಗೆ ಇಸಾಕಪ್ಪನವರು ಸಮಾಧಿಯ ಹತ್ತಿರ ಹೋಗಿ ಮತ್ತೊಮ್ಮೆ ಹೇಳಿ ಬಂದ ಮೇಲೆಯೇ ಆ ಮನೆಯ ಹೆಂಗಸರು ಅತ್ತರು.

ಇಸಾಕಪ್ಪನವರ ಸರದಿ ಬಂದಾಗ ನಾನು ಮಗುವನ್ನು ಕರೆದುಕೊಂಡು ಹೋಗುವ ಅಗತ್ಯವೂ ಇರಲಿಲ್ಲ. ಮಗು ಆ ಮನೆಯಲ್ಲೇ ಇತ್ತು. ಕೃಪಿ ಅಜ್ಜನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಾಲ್ಕು ಸಾಲನ್ನೂ ಒಪ್ಪಿಸಿದಳು. ಕೊನೆಯ ಸಾಲು ಮುಗಿಯುತ್ತಿದ್ದಂತೆ ಮುದುಕರ ಮುಖದಲ್ಲಿ ಏನೋ ಖಾಲಿಯಾದದ್ದು ನನಗೆ ಕಂಡಿತು. ಅವರು ಮೊಮ್ಮಗಳ ಕೆನ್ನೆ ತಟ್ಟಿ, 'ಜ್ವಾಕಿಲೆ ಇಟ್ಟುಕೊ ಬಾಳಾ. ನಾ ಕೇಳೂತನಾ ಬಿಡಬ್ಯಾಡ' ಎಂದರು. ಮಾರನೆಯ ದಿನ ಅವರ ಗುಂಡಿಯ ಪಕ್ಕದಲ್ಲೇ ಅವಳು ಮೊದಲ ಸಲ ಹೇಳಿದಳು. ಆಮೇಲೆ ಊರಿನಲ್ಲಿ ಯಾರು ಹೋದರೂ ಕೃಪಿಗೆ ಶಾಲೆಗೆ ರಜೆ. ಕೆಂಪು ಸ್ವೆಟರ್ ಹಾಕಿಕೊಂಡು, ದೊಡ್ಡವರ ಸೊಂಟದ ಎತ್ತರಕ್ಕೆ ನಿಂತು, ಹಲ್ಲಿಲ್ಲದ ಬಾಯಲ್ಲಿ ಸ್ಪಷ್ಟವಾಗಿ ಹೇಳಿ, ಮನೆಗೆ ಹೋಗಿ ಬನ್ ತಿನ್ನುತ್ತಿದ್ದಳು.

ಒಂದು ಭಾನುವಾರ ಅವಳು ಜಮಖಾನೆಯ ಮೇಲೆ ಕೂತಲ್ಲೇ ಒರಗಿ ನಿದ್ದೆಹೋದಳು. ಎಬ್ಬಿಸಲು ತೋಳು ಹಿಡಿದೆ. ನಾನು ಹಿಡಿದ ಕಡೆ ನೀಲಿಗಟ್ಟಿತು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಕೇಳಿದರೆ ಸಾರವ್ವ, 'ಚಿಗವ್ವನ ಊರಿಗೆ ಹೋಗ್ಯಾಳ್ರಿ' ಎಂದಳು. ಹೇಳುವಾಗ ಬಾಗಿಲಿಗೆ ಅಡ್ಡ ನಿಂತಿದ್ದಳು. ಒಳಗಿನಿಂದ ಕೃಪಿಯ ಕೆಮ್ಮು ಕೇಳಿಸುತ್ತಿತ್ತು, ಇಬ್ಬರೂ ಕೇಳಿಸದವರಂತೆ ನಿಂತಿದ್ದೆವು. ಆಮೇಲೆ ತಂದೆತಾಯಿ ಅವಳನ್ನು ದೂರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು, ಅಲ್ಲಿಯವರು ರಕ್ತ ಕೆಟ್ಟಿದೆ ಎಂದು ಹೇಳಿ, ಸ್ವಲ್ಪ ದಿನ ಇಟ್ಟುಕೊಂಡು, ಮನೆಗೆ ಕಳಿಸಿದರು. ಮನೆಗೆ ಕಳಿಸಿದರು ಎಂದರೆ ಏನೆಂದು ಊರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಆ ವಾರವೇ ಸಭೆಯ ಹಿರಿಯರು ನನ್ನನ್ನು ಕರೆಸಿದರು. ಈಗಿನ ಅಯ್ಯನವರು ಚಿಕ್ಕ ವಯಸ್ಸಿನವರು, ಹೊರಗಿನಿಂದ ಬಂದವರು. ಮೇಜಿನ ತುದಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದರು. ಮಾತಾಡಿದವರು ದೇವಪುತ್ರಪ್ಪ ಮಾಸ್ತರು. ನಿವೃತ್ತ ಹೆಡ್‌ಮಾಸ್ತರು, ನನಗೂ ಅಕ್ಷರ ಕಲಿಸಿದವರು.

'ಜಯಶೀಲಾಬಾಯಿ, ಒಂದು ಊರಿನ ಎಲ್ಲಾ ಮಾತು ಒಂದು ಕೂಸಿನ ಬಾಯಾಗ ಇಟ್ಟೀರಿ. ಈಗ ತಗೊಂಡು ಬರ್ರಿ.'

'ತಾಯಿ ಒಳಗ ಬಿಡವಲ್ಲಳ್ರಿ' ಎಂದೆ.

'ಬಿಡಂಗ ಮಾಡ್ರಿ. ಉಳಿದದ್ದು ಹೋದರ ಹೋಗಲಿ. ಹೊಸ ಮನಿಗೆ ವಚನ ಇಲ್ಲದನೂ ಹೊಕ್ಕಬಹುದು. ಆದರ ಮಣ್ಣಿನ ಮಾತು...' ಅವರು ಅಲ್ಲಿಗೇ ನಿಲ್ಲಿಸಿ ಕನ್ನಡಕ ತೆಗೆದರು. 'ನನಗ ವಯಸ್ಸಾತು. ಇವತ್ತೋ ನಾಳೆಯೋ ನನ್ನ ಪಾಳಿ. ಮೂಕನ ಹೂಳಿದಂಗ ಹೂಳ್ತೀರೇನು ನನ್ನ?'

ಕೋಪಿಸಿಕೊಂಡು ಹೊರಗೆ ಬರಬೇಕೆಂದುಕೊಂಡಿದ್ದೆ. ಅವರ ಮುಖ ನೋಡಿದ ಮೇಲೆ ಕೋಪ ಬರಲಿಲ್ಲ. ಅವರು ಹೆದರಿದ್ದರು. ನಮ್ಮ ಊರಿನಲ್ಲಿ ವಯಸ್ಸಾದವರೆಲ್ಲ ಆ ದಿನಗಳಲ್ಲಿ ಹೆದರಿದ್ದರು. ಸಂತೆಯಲ್ಲಿ ನನ್ನನ್ನು ತಡೆದು, 'ಹೋಗಿದ್ರೇನ್ರಿ ಅಕ್ಕಾರ' ಎಂದು ಕೇಳುತ್ತಿದ್ದರು. ಮಗು ಹೇಗಿದೆ ಎಂದು ಕೇಳಿದವರು ಕಡಿಮೆ. ನನಗೆ ಅವರ ಮೇಲೆ ಅಸಹ್ಯವಾಯಿತು, ಹೇಳಿಬಿಡುತ್ತೇನೆ.

ನಾನು ಸಾರವ್ವನ ಮನೆಗೆ ಒಬ್ಬಳೇ ಹೋದೆ. ಕೈಯಲ್ಲಿ ಯಾವ ಮಗುವೂ ಇರಲಿಲ್ಲ, ಒಂದಿಷ್ಟು ಮೋಸಂಬಿ ಇತ್ತು. ಅವಳು ಮೋಸಂಬಿ ಇಸಿದುಕೊಂಡಳು, ನನ್ನನ್ನು ಹೊಸ್ತಿಲು ದಾಟಗೊಡಲಿಲ್ಲ.

'ನೀವು ಒಬ್ಬರ ಬಂದರೂ ಬ್ಯಾಡ್ರಿ ಅಕ್ಕಾರ. ಇವತ್ತು ಒಬ್ಬರ ಬರ್ತೀರಿ, ನಾಳೆ ಜೋಡಿ ಕೂಸು ತರ್ತೀರಿ. ನೀವು ಕೂಸು ತರೂತನಾ ನನ್ನ ಮಗಳಿಗೆ ಏನೂ ಆಗಿಲ್ಲ.'

'ಆಕಿ ಹೆಂಗ ಅದಾಳ?'

'ಉಂಡಾಳ. ಎರಡು ತುತ್ತು ಗಂಜಿ ಉಂಡಾಳ.' ಹೇಳಿ ಬಾಗಿಲು ಮುಚ್ಚಿದಳು. ಮುಚ್ಚಿದ ಬಾಗಿಲಿನ ಹಿಂದೆ ಅವಳು ಅಲ್ಲೇ ನಿಂತಿರುವುದು ನನಗೆ ಗೊತ್ತಿತ್ತು, ನಾನು ಇಲ್ಲೇ ನಿಂತಿರುವುದು ಅವಳಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನಾನು ಮನೆಗೆ ಬಂದೆ. ಮಾಸ್ತರು ಮತ್ತೆ ಹೇಳಿ ಕಳಿಸಿದಾಗ, ನನಗೆ ಕಾಲುನೋವು ಎಂದು ಹೇಳಿ ಕಳಿಸಿದೆ.

ಮುಂದಿನ ಭಾನುವಾರ ಶಾಲೆ ನಡೆಯುತ್ತಿರುವಾಗಲೇ ಸಾರವ್ವ ಹಾಲ್‌ನ ಬಾಗಿಲಲ್ಲಿ ಬಂದು ನಿಂತಳು. ತಲೆ ಬಾಚಿರಲಿಲ್ಲ. ಮಕ್ಕಳು ಅವಳನ್ನು ಕಂಡು ತಾವಾಗಿಯೇ ಕಿವಿಗೆ ಬೆರಳಿಟ್ಟುಕೊಂಡರು.

'ಕರೀಲಿಕ್ಕ ಹತ್ಯಾಳ್ರಿ' ಎಂದಳು. 'ಐತವಾರ ಐತಿ, ಸಾಲಿಗೆ ಹೋಗತೀನಿ ಅಂತ ಹಠ. ಕಾಲು ಇಡಲಿಕ್ಕ ಆಗೂದಿಲ್ಲ. ಸಾಲೀನ್ನ ಇಲ್ಲಿಗೇ ಕರಕೊಂಡು ಬಾ ಅಂತಾಳ. ಲೀದಿಯಾ ಬರಬೇಕಂತ.' ಆಮೇಲೆ ಗೋಡೆಯ ಕಡೆ ನೋಡುತ್ತ, 'ನಾ ಕರದಿಲ್ರಿ. ಆಕಿ ಕರದಾಳ' ಎಂದಳು.

ಉಳಿದ ಮಕ್ಕಳನ್ನು ಮನೆಗೆ ಕಳಿಸಿ, ಲೀದಿಯಾಳ ಕೈ ಹಿಡಿದು ಹೊರಟೆ. ಆವತ್ತು ಭಾನುವಾರವಾದರೂ ಬೀದಿಯ ಬಾಗಿಲುಗಳು ಮುಚ್ಚಿಕೊಂಡವು. ಸಾರವ್ವ ನಮಗಿಂತ ಮುಂದೆ, ನಮ್ಮ ಜೊತೆ ಬರುತ್ತಿಲ್ಲ ಎಂಬಂತೆ ಬೇಗ ಬೇಗ ನಡೆಯುತ್ತಿದ್ದಳು.

ಕೃಪಿ ಅಜ್ಜನ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕೆಂಪು ಸ್ವೆಟರ್ ಈಗ ಅವಳಿಗೆ ದೊಡ್ಡದಾಗಿತ್ತು. ಮುಂದಿನ ಹಲ್ಲುಗಳು ಅರ್ಧ ಬಂದಿದ್ದವು. ಲೀದಿಯಾಳನ್ನು ಕಂಡದ್ದೇ ಗತ್ತಿನಿಂದ, 'ಜಡಿ ಬಾಯಾಗಿಂದ ತಗಿ' ಎಂದಳು. ಅದು ನನ್ನ ಮಾತು, ನನ್ನ ದನಿಯಲ್ಲೇ ಹೇಳಿದಳು. ಲೀದಿಯಾ ಜಡೆ ತೆಗೆದು ಬೆನ್ನ ಹಿಂದೆ ಹಾಕಿಕೊಂಡಳು.

ನಾನು ಏನೂ ಹೇಳಿಕೊಡಬೇಕಾಗಿರಲಿಲ್ಲ. ಕೃಪಿಯೇ ಪಾಠ ನಡೆಸಿದಳು. ಒಂದು ಸಾಲು ತಾನು ಹೇಳುವುದು, ಲೀದಿಯಾಳಿಂದ ಹೇಳಿಸುವುದು, ಅವಳು ಎಡವಿದರೆ ಮೊದಲಿನಿಂದ. ಸಿಟ್ಟು ಬಂದರೆ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದಳು, ಮತ್ತೆ ತೆರೆದು, 'ಹೂಂ, ಹೇಳು' ಎನ್ನುತ್ತಿದ್ದಳು. ಆವತ್ತು ಲೀದಿಯಾ ತನ್ನ ಶಕ್ತಿ ಮೀರಿ ಕಲಿತಳು. ಆ ಮಗುವಿನ ಹಣೆಯ ಮೇಲೆ ಬೆವರು ನಿಂತಿತ್ತು. ಹೆರಿಗೆಯ ವಚನ ಹೋಯಿತು. ಹೊಸ ಮನೆಯದು ಹೋಯಿತು. ಜ್ವರದ್ದು ಹೋಯಿತು. ಒಂದೊಂದು ಹೋದಾಗಲೂ ಕೃಪಿ ನಾಲಿಗೆಯಿಂದ ಅರ್ಧ ಬಂದ ಹಲ್ಲನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಸಾರವ್ವ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ದೂರ ಹೋಗುವವರನ್ನು ಕಳಿಸುವ ವಚನ ಮುಗಿದಾಗ ಅವಳು ಮೆಲ್ಲಗೆ ಹೇಳಿದಳು.

'ಅಕ್ಕಾರ, ಒಂದರ ಬಿಡ್ರಿ ಆಕಿಗೆ. ಎಲ್ಲಾ ಸುಲಕೊಂಡು ಹೋಗಬ್ಯಾಡ್ರಿ.'

ಉಳಿದದ್ದು ಒಂದೇ, ಅದು ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಇಡೀ ಊರು ಕಾಯುತ್ತಿದ್ದದ್ದೂ ಅದಕ್ಕೇ. ನಾನು 'ಕೃಪಿ, ಅಜ್ಜನ ಮಾತು ಉಳೀತಲ್ಲವ್ವಾ' ಎಂದೆ.

ಕೃಪಿ ನನ್ನನ್ನೇ ನೋಡಿದಳು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಮುಖವಾಗಿರಲಿಲ್ಲ ಅದು, ಲೆಕ್ಕ ಬಾರದ ಹುಡುಗಿಗೆ ಲೆಕ್ಕ ಹೇಳಿಕೊಡುವವರ ಮುಖವಾಗಿತ್ತು.

'ಅದನ್ನ ಕೊಡಾಕ ಬರೂದಿಲ್ರಿ ಅಕ್ಕಾರ. ಅಜ್ಜ ಕೇಳತೀನಿ ಅಂದಾನ. ಅಲ್ಲಿ ಹ್ವಾದಮ್ಯಾಲ ಕೇಳತಾನ. ಕೊಟ್ಟುಬಿಟ್ಟರ ಏನು ಹೇಳಲಿ?'

ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಚಿಗವ್ವನ ಊರು, ನಾಳೆ ಆರಾಮಾಗತೀ, ಎರಡು ತುತ್ತು ಉಣ್ಣು, ಅಷ್ಟೇ ಹೇಳಿದ್ದರು. ಸಾರವ್ವ ಚೌಕಟ್ಟು ಬಿಟ್ಟು ನೆಲದ ಮೇಲೆ ಕೂತಳು. ಅಳಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಮಗಳನ್ನು ನೋಡುತ್ತಿದ್ದಳು.

ನಾನು ಕೇಳಬಹುದಿತ್ತು. ಮಕ್ಕಳಿಂದ ಮಾತು ಹೊರಡಿಸುವುದು ನನಗೆ ಗೊತ್ತು, ಅದು ನನ್ನ ಕೆಲಸ. ಅಜ್ಜ ಕೇಳುವುದಿಲ್ಲ ಎನ್ನಬಹುದಿತ್ತು, ದೇವರು ಮೆಚ್ಚುತ್ತಾನೆ ಎನ್ನಬಹುದಿತ್ತು, ಪೆಪ್ಪರಮಿಂಟ್ ತೋರಿಸಬಹುದಿತ್ತು. ಅವಳು ಒಳ್ಳೆಯ ಹುಡುಗಿ, ಕೊಡುತ್ತಿದ್ದಳು. ಮಾಸ್ತರ ಕನ್ನಡಕ ತೆಗೆದ ಮುಖ ನನ್ನ ಕಣ್ಣ ಮುಂದೆ ಬಂತು. ನನ್ನದೇ ಪೆಟ್ಟಿಗೆಯೂ ಬಂತು, ಸುಳ್ಳೇಕೆ ಹೇಳಲಿ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಆ ನಾಲ್ಕು ಸಾಲಾದರೂ ನನಗಾಗಿ ಯಾರಾದರೂ ಹೇಳುತ್ತಾರೆಂದು ನಾನೂ ನಂಬಿಕೊಂಡಿದ್ದವಳು.

'ಲೀದಿಯಾ, ಕಿವಿ ಮುಚ್ಚಿಕೊ' ಎಂದೆ. ಆಮೇಲೆ ಕೃಪಿಗೆ, 'ಸಾಲಿ ಬಿಡ್ತು. ಮಲಕೊ ಇನ್ನ' ಎಂದು ಹೊದಿಕೆ ಎಳೆದೆ. ಅವಳು ಎಂದಿನಂತೆ ಪೆಪ್ಪರಮಿಂಟ್ ಕೇಳಿದಳು. ಕೊಟ್ಟೆ. ತಿನ್ನಲಾಗದೆ ಅಂಗೈಯಲ್ಲಿ ಹಿಡಿದುಕೊಂಡಳು.

ಮಾಸ್ತರು ಬೀದಿಯ ತಿರುವಿನಲ್ಲೇ ಕಾದಿದ್ದರು. ಲೀದಿಯಾಳನ್ನು ನೋಡಿದರು, ನನ್ನನ್ನು ನೋಡಿದರು. 'ಬಂತೇನು?' ಎಂದರು. ಉಳಿದದ್ದೆಲ್ಲ ಬಂತು, ಅದು ಬರಲಿಲ್ಲ ಎಂದೆ. 'ಕೂಸಿಗೆ ನೆನಪಿಲ್ಲೇನು?' ಎಂದರು. ನೆನಪಿದೆ, ಕೊಡಲು ಮನಸ್ಸಿಲ್ಲ, ನಾನೂ ಒತ್ತಾಯ ಮಾಡಲಿಲ್ಲ ಎಂದೆ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಯಾರದೋ ಮನೆಯ ಕಟ್ಟೆಯ ಮೇಲೆ ಕೂತುಕೊಂಡರು, ಕೋಲನ್ನು ಮೊಣಕಾಲಿಗೆ ಒರಗಿಸಿಕೊಂಡರು. ನಾನು ಲೀದಿಯಾಳನ್ನು ಅವಳ ಮನೆಗೆ ಬಿಟ್ಟು ಅದೇ ದಾರಿಯಲ್ಲಿ ವಾಪಸ್ಸು ಬರುವಾಗಲೂ ಅಲ್ಲೇ ಕೂತಿದ್ದರು.

ಊರಿಗೆ ಸುದ್ದಿ ಹಬ್ಬಿತು. ಅಯ್ಯನವರು ಪೌಲಪ್ಪನನ್ನು ಕಂಡು ಮಾತಾಡಿ ಬಂದರು, ಪೌಲಪ್ಪ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಎಲ್ಲದಕ್ಕೂ 'ಹೌದ್ರಿ' ಎಂದನಂತೆ, ಮತ್ತೆ ಒಲೆಗೆ ಸೌದೆ ತುರುಕಲು ಹೋದನಂತೆ. ಒಬ್ಬಿಬ್ಬರು ತಮ್ಮ ಮಕ್ಕಳನ್ನು ನನ್ನ ಶಾಲೆಗೆ ಕಳಿಸುವುದನ್ನು ಬಿಟ್ಟರು. ಅಂಗಡಿಯಲ್ಲಿ ನಾನು ನಿಂತಿದ್ದರೆ ಮಾತು ನಿಲ್ಲುತ್ತಿತ್ತು. ನಾನೂ ಮಾತಾಡಿಸಲು ಹೋಗಲಿಲ್ಲ. ಕೃಪಿ ವಾರದ ನಡುವೆ, ಮಧ್ಯಾಹ್ನ, ಗಂಜಿ ಆರಲೆಂದು ಸಾರವ್ವ ಬಟ್ಟಲನ್ನು ಊದುತ್ತಿದ್ದಾಗ ಹೋದಳು.

ಸಮಾಧಿಯ ಹತ್ತಿರ ಇಡೀ ಊರು ಬಂದಿತ್ತು. ದುಃಖಕ್ಕೆ ಎಷ್ಟು ಜನ, ಏನಾಗುತ್ತದೋ ನೋಡೋಣವೆಂದು ಎಷ್ಟು ಜನ, ನಾನು ಹೇಳಲಾರೆ. ಪೆಟ್ಟಿಗೆ ಚಿಕ್ಕದು, ಇಳಿಸಲು ಇಬ್ಬರೇ ಸಾಕಾದರು. ಹಗ್ಗ ಎಳೆದುಕೊಂಡ ಮೇಲೆ ಎಲ್ಲರೂ ರೂಢಿಯಂತೆ ಸೊಂಟದ ಎತ್ತರದಲ್ಲಿ ಕೆಂಪು ಸ್ವೆಟರನ್ನು ಹುಡುಕಿದರು. ನಾನೂ ಹುಡುಕಿದೆ. ಆಮೇಲೆ ನೆಲ ನೋಡಿದೆವು. ಮಣ್ಣು ಹಾಕಲು ಯಾರ ಕೈಯೂ ಏಳಲಿಲ್ಲ. ಗುದ್ದಲಿ ಹಿಡಿದವರು ಗುದ್ದಲಿ ಹಿಡಿದೇ ನಿಂತರು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ, ಹೆಂಗಸರ ಕಡೆ ಒಂದು ಚಿಕ್ಕ ಮಗು ನೀರು ಕೇಳಿತು. ಕೊನೆಗೆ ಅಯ್ಯನವರು, ಪಾಪ, ಬೇರೆ ದಾರಿ ಕಾಣದೆ ಜೇಬಿನಿಂದ ಪುಸ್ತಕ ತೆಗೆದು ಪುಟ ಹುಡುಕಿದರು. ಗಂಟಲು ಸರಿಮಾಡಿಕೊಂಡರು.

'ಓದಬ್ಯಾಡ್ರಿ ಅಯ್ನೋರ' ಎಂದಳು ಸಾರವ್ವ. ದನಿ ಏರಿಸಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. 'ಅದು ಆಕಿ ಹತ್ರ ಐತಿ.'

ಅಯ್ಯನವರು ಪುಸ್ತಕ ಮುಚ್ಚಿದರು. ಎಲ್ಲರಿಗಿಂತ ಮೊದಲು ಬಗ್ಗಿದವರು ದೇವಪುತ್ರಪ್ಪ ಮಾಸ್ತರು. ಕೋಲನ್ನು ನನ್ನ ಕೈಗೆ ಕೊಟ್ಟು, ಒಂದು ಹಿಡಿ ಮಣ್ಣು ತೆಗೆದುಕೊಂಡು, ಸದ್ದಾಗದಂತೆ ಮೆಲ್ಲಗೆ ಬಿಟ್ಟರು.